ಕಥೆಯ ಸಂಭಾಷಣೆಯಲ್ಲಿ ಒಳಮಾತು: ಹಾಸನ, ಚಿಕ್ಕಮಗಳೂರು ಕಡೆಯ ಹೊಸ ಕಥೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯ ಹೊಸ ಬರಹಗಾರರ ಕಥೆಗಳನ್ನು ಓದುವಾಗ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಊರು, ಮಳೆ, ತೋಟ ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಬಂದಿರುತ್ತದೆ. ಪಾತ್ರಗಳು ಬಾಯಿ ತೆರೆದ ಕೂಡಲೇ ಕಥೆ ಕುಂಟುತ್ತದೆ. ಮನಸ್ಸಿನಲ್ಲಿ ಇರುವುದನ್ನೆಲ್ಲ ಅವು ಒಂದೂ ಬಿಡದೆ ಹೇಳಿಬಿಡುತ್ತವೆ. ಈ ಬಗ್ಗೆ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಮಾದರಿಯಾಗಿ ಕೊಟ್ಟ ಸಂಭಾಷಣೆಗಳನ್ನು ಇದಕ್ಕಾಗಿಯೇ ಬರೆದಿದ್ದೇನೆ.

ಒಳಮಾತು ಅಂದರೆ ಏನು?

ಪಾತ್ರ ಬಾಯಲ್ಲಿ ಹೇಳುವುದು ಒಂದು, ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇನ್ನೊಂದು. ಆ ಇನ್ನೊಂದು ಓದುಗರಿಗೆ ಕೇಳಿಸಿದರೆ ಅದೇ ಒಳಮಾತು. ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ಸಬ್‌ಟೆಕ್ಸ್ಟ್ ಅನ್ನುತ್ತಾರೆ.

ಸಕಲೇಶಪುರ, ಮೂಡಿಗೆರೆ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಇಬ್ಬರು ಸಿಕ್ಕಿದರೆ ಮೊದಲ ಪ್ರಶ್ನೆ "ಹೂಮಳೆ ಆಯ್ತಾ?" ಅಂತ. ಕಾಫಿ ಮೊಗ್ಗು ಅರಳುವುದು ಆ ಮಳೆಯಿಂದ. ಅದು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಮುಂದಿನ ಫಸಲೇ ಕೈಕೊಡುತ್ತದೆ. ಈಗ ಈ ಪ್ರಶ್ನೆಯನ್ನು ಸಾಲ ಕೊಟ್ಟವನು ಸಾಲ ತಗೊಂಡವನಿಗೆ ಕೇಳಿದ ಅಂದುಕೊಳ್ಳಿ. ಆಮೇಲೆ ಅದನ್ನೇ, ಮಗಳನ್ನು ಆ ಮನೆಗೆ ಕೊಡುವ ಯೋಚನೆಯಲ್ಲಿರುವವನು ಹುಡುಗನ ಅಪ್ಪನಿಗೆ ಕೇಳಿದ ಅಂದುಕೊಳ್ಳಿ. ಎರಡು ಪದ ಹಾಗೇ ಇವೆ. ಕೇಳಿದ್ದು ಮಾತ್ರ ಪೂರ್ತಿ ಬೇರೆ.

ಇದು ಹೊರಗಿನಿಂದ ಬಂದ ತಂತ್ರ ಅಲ್ವಾ? ನಮ್ಮಲ್ಲಿ ಇತ್ತಾ?

ಚೆನ್ನಾಗಿಯೇ ಇತ್ತು. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ'ದಲ್ಲಿ ಕಾವ್ಯದ ಜೀವವೇ ಧ್ವನಿ ಅಂದ. ಧ್ವನಿ ಅಂದರೆ ಇಲ್ಲಿ ನೇರವಾಗಿ ಹೇಳದೆ ಹೊಳೆಯಿಸುವ ಅರ್ಥ. ಅದೇ ಶತಮಾನದ ನಮ್ಮ 'ಕವಿರಾಜಮಾರ್ಗ'ದಲ್ಲೂ ಧ್ವನಿಯ ಮಾತು ಬರುತ್ತದೆ.

ಆನಂದವರ್ಧನ ಕೊಡುವ ಎರಡು ಪ್ರಾಕೃತ ಪದ್ಯಗಳನ್ನು ಕಥೆಗಾರರು ಬಾಯಿಪಾಠ ಮಾಡಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ. ಎರಡೂ ಬರೀ ಸಂಭಾಷಣೆ. ಒಂದರಲ್ಲಿ ಗೋದಾವರಿ ದಡದ ಪೊದೆಯ ಕಡೆ ಓಡಾಡುವ ಒಬ್ಬ ಧಾರ್ಮಿಕನಿಗೆ ಹೆಣ್ಣೊಬ್ಬಳು ಹೇಳುತ್ತಾಳೆ: ಧೈರ್ಯವಾಗಿ ತಿರುಗಾಡಪ್ಪ, ನಿನಗೆ ಕಾಟ ಕೊಡುತ್ತಿದ್ದ ನಾಯಿಯನ್ನು ಆ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು. ಮಾತಿನಲ್ಲಿ ಇರುವುದು 'ಬಾ'. ಅರ್ಥ 'ಇತ್ತ ಕಡೆ ತಲೆ ಹಾಕಬೇಡ'. ಅವಳು ನಲ್ಲನನ್ನು ಕಾಣುವ ಜಾಗ ಅದು. ಇನ್ನೊಂದರಲ್ಲಿ ಮನೆಯಲ್ಲಿ ತಂಗಿದ ದಾರಿಹೋಕನಿಗೆ ಸೊಸೆ ಹೇಳುತ್ತಾಳೆ: ಅತ್ತೆ ಮಲಗುವುದು ಇಲ್ಲಿ, ನಾನು ಇಲ್ಲಿ, ಬೆಳಕಿರುವಾಗಲೇ ನೋಡಿಕೋ, ರಾತ್ರಿ ಕಣ್ಣು ಕಾಣದೆ ನಮ್ಮ ಹಾಸಿಗೆ ಮೇಲೆ ಬಿದ್ದೀಯ. ಇಲ್ಲಿ ಮಾತಿನಲ್ಲಿ 'ಬೇಡ', ಅರ್ಥದಲ್ಲಿ 'ಬಾ'.

ಇಬ್ಬರೂ ಹಾಗೆ ಮಾತಾಡಲು ಕಾರಣ ಇದೆ ಅನ್ನುವುದನ್ನು ಗಮನಿಸಿ. ಒಬ್ಬಳಿಗೆ ಗುಟ್ಟು ಬಯಲಾಗಬಾರದು. ಇನ್ನೊಬ್ಬಳ ಪಕ್ಕದಲ್ಲೇ ಅತ್ತೆ ಇದ್ದಾಳೆ. ಕನ್ನಡದಲ್ಲಿ ಇದನ್ನೆಲ್ಲ ಓದಬೇಕು ಅನ್ನುವವರಿಗೆ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಇದೆ. ಕೆ. ಕೃಷ್ಣಮೂರ್ತಿಯವರು ಮಾಡಿದ 'ಧ್ವನ್ಯಾಲೋಕ'ದ ಕನ್ನಡ ಅನುವಾದವೂ ಇದೆ.

ಹಾಗಾದರೆ ಪಾತ್ರಗಳು ಸುತ್ತಿ ಬಳಸಿ ಮಾತಾಡಿದರೆ ಸಾಕಾ?

ಸಾಲದು. ಹೊಸಬರು ಜಾಸ್ತಿ ಎಡವುವುದೇ ಇಲ್ಲಿ. ಸುಮ್ನೆ ಸುತ್ತಿ ಬಳಸುವ ಪಾತ್ರ ಓದುಗರಿಗೆ ಬೇಜಾರು ತರಿಸುತ್ತದೆ. ನೇರವಾಗಿ ಹೇಳಿದರೆ ಈ ಪಾತ್ರ ಏನನ್ನು ಕಳೆದುಕೊಳ್ಳುತ್ತದೆ? ಬರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಮಾನ ಹೋಗಬಹುದು, ಕೆಲಸ ಹೋಗಬಹುದು, ಸಂಬಂಧ ಮುರಿಯಬಹುದು. ಕೇಳಿದ ಮೇಲೆ 'ಇಲ್ಲ' ಅನ್ನುವ ಉತ್ತರವನ್ನು ಎದುರಿಸಬೇಕಾದೀತು ಅನ್ನುವ ಹೆದರಿಕೆಯೂ ಸಾಕು. ಇವು ಯಾವುದೂ ಇಲ್ಲದಿದ್ದರೆ ಆ ಪಾತ್ರ ನೇರವಾಗಿಯೇ ಮಾತಾಡಲಿ.

ಒಂದು ಸನ್ನಿವೇಶ ನೋಡೋಣ. ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಅದಕ್ಕೆ ಮೇಲೊಂದು, ಕೆಳಗೊಂದು ಎರಡು ಪಟ್ಟೆ. ಅಪ್ಪ ತೀರಿಹೋಗಿದ್ದಾರೆ. ಅಣ್ಣ ತೋಟ ನೋಡಿಕೊಂಡಿದ್ದಾನೆ. ಬೆಂಗಳೂರಿನಲ್ಲಿರುವ ತಮ್ಮ ಪಾಲು ಕೇಳಲು ಬಂದಿದ್ದಾನೆ. ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ:

"ಅಣ್ಣ, ನಾನು ನನ್ನ ಪಾಲು ಕೇಳೋಕೆ ಬಂದಿದ್ದೀನಿ. ನೀನು ಕೊಡಲ್ಲ ಅಂತ ನನಗೆ ಭಯ."
"ನಿನ್ನ ಮಾತು ಕೇಳಿ ನನಗೆ ತುಂಬಾ ನೋವಾಗ್ತಿದೆ. ಇಷ್ಟು ವರ್ಷ ಈ ತೋಟಕ್ಕಾಗಿ ಕಷ್ಟಪಟ್ಟವನು ನಾನು."

ಇದರಲ್ಲಿ ಮಾಹಿತಿ ಇದೆ. ಅಣ್ಣತಮ್ಮಂದಿರು ಇಲ್ಲ. ಈಗ ಇಬ್ಬರನ್ನೂ ಕಾಫಿ ಒಣಹಾಕಿದ ಕಣದ ಮೇಲೆ ನಿಲ್ಲಿಸಿ:

"ಕೆಳಗಿನ ಪಟ್ಟೆಗೆ ಹೊಸ ಬೇಲಿ ಹಾಕ್ಸಿದ್ದೀಯಲ್ಲ."
"ಆನೆ ಬರ್ತವೆ."
"ಮೇಲಿನ ಪಟ್ಟೆಗೆ ಬರಲ್ವಾ?"
ಅಣ್ಣ ಕಾಫಿ ಕೆದಕಿದ. "ನೀನು ಬೆಂಗಳೂರಲ್ಲಿ ಇರೋನು. ಆನೆ ಯಾವ ದಾರೀಲಿ ಬರ್ತವೆ ಅಂತ ನಿಂಗೇನು ಗೊತ್ತು."
"ಅಪ್ಪ ಇದ್ದಾಗ ಎರಡೂ ಕಡೆ ಬರ್ತಿದ್ವು."
"ಊಟಕ್ಕೆ ಇರ್ತೀಯಾ?"
"ಕಾರು ವಾಪಸ್ ಕಳಿಸ್ದೆ."

'ಪಾಲು' ಅನ್ನುವ ಪದ ಎಲ್ಲೂ ಬಂದಿಲ್ಲ. ಅಣ್ಣ ಯಾವ ಪಟ್ಟೆಯನ್ನು ತನ್ನದು ಅಂದುಕೊಂಡಿದ್ದಾನೆ ಅಂತ ಬೇಲಿ ಹೇಳುತ್ತದೆ. ಎರಡೂ ಕಡೆ ನನಗೆ ಹಕ್ಕಿದೆ ಅಂತ ತಮ್ಮ ಅಪ್ಪನ ಹೆಸರು ಎತ್ತುತ್ತಾನೆ. ಊಟದ ಮಾತು 'ಯಾವಾಗ ಹೊರಡ್ತೀಯಾ' ಅಂತ ಕೇಳುತ್ತದೆ. ಇತ್ಯರ್ಥ ಆಗುವ ತನಕ ಹೊರಡಲ್ಲ ಅನ್ನುತ್ತದೆ ಕಾರಿನ ಮಾತು. ಇಬ್ಬರಿಗೂ ಜಗಳ ಬೇಡ. ಇಬ್ಬರಿಗೂ ತೋಟ ಬೇಕು. ಅದಕ್ಕೇ ಪಾಪ ಆನೆಗಳು ಮಾತಿನ ನಡುವೆ ಬಂದವು.

ಮಾತಾಡಲು ಯಾವ ವಿಷಯ ಕೊಡಬೇಕು?

ಆ ಜನ ದಿನಾ ಮಾತಾಡುವ ವಿಷಯ. ಅದಕ್ಕೆ ಅವರ ಬದುಕಿನಲ್ಲಿ ನಿಜವಾದ ಬೆಲೆಯೂ ಇರಬೇಕು. ಮಲೆನಾಡಿನ ಕಥೆಗೆ ಮಳೆ, ಮೆಣಸು, ಆನೆ. ಅರಸೀಕೆರೆ, ಕಡೂರು ಬಯಲುಸೀಮೆಗೆ ಕೊಬ್ಬರಿ ರೇಟು, ಬೋರ್‌ವೆಲ್. ಹಾಸನದ ಸುತ್ತ ಆಲೂಗಡ್ಡೆ. ಸಿಂಬಾಲಿಕ್ ಆಗಿರಲಿ ಅಂತ ಬೇಕೆಂದೇ ಮುರಿದ ಕನ್ನಡಿ, ಆರಿದ ದೀಪ ತಂದಿಡಬೇಡಿ. ಬೇಲಿ ಮೊದಲು ಬೇಲಿಯೇ ಆಗಿರಬೇಕು, ಆನೆ ನಿಜವಾಗಿ ಬರಬೇಕು.

ಕೈಗೊಂದು ಕೆಲಸ ಇದ್ದರೆ ಇನ್ನೂ ಅನುಕೂಲ. ಕಾಫಿ ಕೆದಕುವುದು, ಕಡುಬು ಕಟ್ಟುವುದು, ಬಿತ್ತನೆ ಆಲೂಗಡ್ಡೆ ಕುಯ್ಯುವುದು. ಕೈ ಯಾವಾಗ ನಿಂತಿತು, ಯಾವಾಗ ಜೋರಾಯಿತು ಅಂತ ಬರೆದರೆ ಸಾಕು. ಅಷ್ಟರಲ್ಲೇ ಅರ್ಧ ಭಾವ ಬಂದುಬಿಡುತ್ತದೆ.

ಓದುಗರಿಗೆ ಅರ್ಥವಾಗದಿದ್ದರೆ?

ಈ ಹೆದರಿಕೆಯಿಂದಲೇ ಜಾಸ್ತಿ ಸಂಭಾಷಣೆಗಳು ಕೆಡುತ್ತವೆ. ಓದುಗರ ಮೇಲೆ ಸ್ವಲ್ಪ ನಂಬಿಕೆ ಇಡಿ. ದಿನನಿತ್ಯದ ಮಾತಿನಲ್ಲಿ ಎಲ್ಲರೂ ಈ ಕೆಲಸ ಮಾಡುತ್ತಲೇ ಇರುತ್ತಾರೆ.

ಬ್ರಿಟಿಷ್ ತತ್ತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ವಿವರಿಸಿದರು. ಎದುರಿನವರು ಮಾತಿಗೆ ತಕ್ಕ ಉತ್ತರ ಕೊಡುತ್ತಿದ್ದಾರೆ ಅಂತ ನಾವು ನಂಬಿರುತ್ತೇವೆ. ಸಂಬಂಧವಿಲ್ಲದ ಉತ್ತರ ಬಂದರೆ ಬಿಟ್ಟುಬಿಡುವುದಿಲ್ಲ, ಸಂಬಂಧ ಹುಡುಕುತ್ತೇವೆ. ಅವರು ಕೊಟ್ಟ ಉದಾಹರಣೆ ಚೆನ್ನಾಗಿದೆ. ತತ್ತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಮೇಷ್ಟರು ಶಿಫಾರಸು ಪತ್ರ ಬರೆಯುತ್ತಾರೆ: ಇವನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ. ಅಷ್ಟೇ. ಓದಿದವರಿಗೆ ತಿಳಿಯುತ್ತದೆ, ಹುಡುಗನಿಗೆ ತತ್ತ್ವಶಾಸ್ತ್ರ ಬರಲ್ಲ.

ಆದರೆ ಸಂಬಂಧ ಹುಡುಕಲು ಓದುಗರ ಕೈಯಲ್ಲಿ ಏನಾದರೂ ಇರಬೇಕು. ಅಪ್ಪ ತೀರಿಹೋದದ್ದು, ತೋಟಕ್ಕೆ ಎರಡು ಪಟ್ಟೆ ಇರುವುದು ಸಂಭಾಷಣೆಗೆ ಮೊದಲೇ ಗೊತ್ತಿರಬೇಕು. ಮಾಹಿತಿ ಮೊದಲು, ಮಾತು ಆಮೇಲೆ. ಎಷ್ಟೋ ಕಥೆಗಳಲ್ಲಿ ಸಂಭಾಷಣೆಯನ್ನು ಮುಟ್ಟದೆ, ಒಂದು ಪುಟ ಹಿಂದೆ ಎರಡು ಸಾಲು ಸೇರಿಸಿದರೆ ಎಲ್ಲ ಸರಿಹೋಗುತ್ತದೆ.

ಬರೆಯುವವರಿಗೂ ಒಂದು ಷರತ್ತು ಇದೆ. ಅಮೆರಿಕದ ಕಥೆಗಾರ ಹೆಮಿಂಗ್‌ವೇ 1932ರಲ್ಲಿ ಸಮುದ್ರದಲ್ಲಿ ತೇಲುವ ನೀರ್ಗಲ್ಲಿನ (ಐಸ್‌ಬರ್ಗ್) ಮಾತು ಬರೆದರು. ಎಂಟರಲ್ಲಿ ಒಂದು ಪಾಲು ಮಾತ್ರ ನೀರಿನ ಮೇಲೆ ಕಾಣುತ್ತದೆ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೆ ಅವರು ಹೇಳಿದ ಇನ್ನೊಂದು ಮಾತು ಜಾಸ್ತಿ ಮುಖ್ಯ. ತನಗೇ ಗೊತ್ತಿಲ್ಲ ಅನ್ನುವ ಕಾರಣಕ್ಕೆ ಏನನ್ನಾದರೂ ಹೇಳದೆ ಬಿಟ್ಟರೆ ಬರಹದಲ್ಲಿ ಟೊಳ್ಳು ಉಳಿಯುತ್ತದೆ. ಅಣ್ಣನಿಗೆ ಕೆಳಗಿನ ಪಟ್ಟೆಯೇ ಯಾಕೆ ಬೇಕು ಅಂತ ನಿಮಗೆ ಗೊತ್ತಿರಬೇಕು. ನೀರು ಅಲ್ಲಿದೆಯೋ, ಅಪ್ಪನ ಸಮಾಧಿ ಅಲ್ಲಿದೆಯೋ ಅಂತ ತೀರ್ಮಾನಿಸಿಕೊಂಡೇ ಬರೆಯಿರಿ. ಕಥೆಯಲ್ಲಿ ಅದು ಬಾರದಿದ್ದರೂ ಪರವಾಗಿಲ್ಲ.

ಸಾಹುಕಾರರು, ಕೆಲಸದವರು ಮಾತಾಡುವಾಗ ಒಳಮಾತು ಹೇಗೆ ಬರುತ್ತದೆ?

ಕಾಫಿ ಸೀಮೆಯ ಕಥೆ ಬರೆಯುವವರಿಗೆ ಇದು ತುಂಬಾ ಬೇಕಾದ ಪ್ರಶ್ನೆ. ಕೈ ಕೆಳಗಿರುವವರು ಸುತ್ತಿ ಮಾತಾಡಲೇಬೇಕಾಗುತ್ತದೆ. ಮೇಲಿರುವವರಿಗೆ ಅರ್ಥವಾದರೂ ಆಗದವರ ಹಾಗೆ ಇರುವ ಅನುಕೂಲ ಇದೆ. ಜೂನ್ ತಿಂಗಳು, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬ ಆಳು, ತೋಟದ ಯಜಮಾನ:

"ಮಳೆ ಹಿಡೀತು ಸಾರ್."
"ಹೂಂ. ಈ ಸಲ ಬೇಗ."
"ಸ್ಕೂಲೂ ಶುರುವಾಯ್ತು."
"ಮಗ ಎಷ್ಟನೇ ಕ್ಲಾಸು ಈಗ?"
"ಎಂಟು. ಇನ್ಮೇಲೆ ಆಲೂರಿಗೆ ಹೋಗ್ಬೇಕು, ಬಸ್ಸಲ್ಲಿ."
"ಒಳ್ಳೇದು. ಚೆನ್ನಾಗಿ ಓದ್ಲಿ." ಯಜಮಾನರು ಕೊಡೆ ಬಿಚ್ಚಿದರು. "ನಾಳೆ ಗೊಬ್ಬರದ ಲಾರಿ ಬರುತ್ತೆ. ಬೇಗ ಬಾ."

ಆಳು ಅಡ್ವಾನ್ಸ್ ಕೇಳಿದ. ಯಜಮಾನರು ಇಲ್ಲ ಅಂದರು. ಇಬ್ಬರೂ ಆ ಮಾತನ್ನೇ ಎತ್ತಲಿಲ್ಲ, ಹಾಗಾಗಿ ನಾಳೆ ಇಬ್ಬರೂ ಮುಖ ಕೊಟ್ಟು ಮಾತಾಡಬಹುದು. ಯಜಮಾನರು ಬಯ್ಯಲಿಲ್ಲ, ಮಗನ ಬಗ್ಗೆ ವಿಚಾರಿಸಿದರು, ಹಾರೈಸಿದರು. ಆ ಒಳ್ಳೆಯತನದೊಳಗೇ ಕ್ರೌರ್ಯ ಇದೆ. ಬಡವರ ಕಥೆ ಬರೆಯುವಾಗ ಯಜಮಾನನ ಬಾಯಲ್ಲಿ ಬೈಗುಳ ತುಂಬಿ ಕೆಟ್ಟವನನ್ನಾಗಿ ಮಾಡುವುದು ಸುಲಭ. ಹೀಗೆ ಬರೆದರೆ ಓದುಗರೇ ಆ ಲೈನ್ ಮನೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ನಮ್ಮ ಕಡೆಯ ಆಡುಮಾತು ಇದಕ್ಕೆ ಸಹಾಯ ಮಾಡುತ್ತದಾ?

ತುಂಬಾ. ಆದರೆ 'ಎಂತ ಮಾರಾಯ' ಅಂತ ನಾಲ್ಕು ಕಡೆ ತುಂಬಿದರೆ ಕೊಪ್ಪ, ಶೃಂಗೇರಿಯ ಕಥೆ ಆಗುವುದಿಲ್ಲ. ಭಾಷೆಯ ಸಣ್ಣ ಸಣ್ಣ ತಿರುವುಗಳಲ್ಲಿ ಒಳಮಾತು ಕೂತಿರುತ್ತದೆ.

'ನೀನು', 'ನೀವು' ನೋಡಿ. ಜೊತೆಗೆ ಓದಿದ ಇಬ್ಬರು ಗೆಳೆಯರು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಹಳ ವರ್ಷದ ಮೇಲೆ ಸಿಗುತ್ತಾರೆ. ಒಬ್ಬ "ಏನೋ, ಹೆಂಗಿದ್ದೀಯಾ?" ಅನ್ನುತ್ತಾನೆ. ಇನ್ನೊಬ್ಬ "ಚೆನ್ನಾಗಿದ್ದೀನಿ, ನೀವು?" ಅನ್ನುತ್ತಾನೆ. ಹಳೆಯ ಗಾಯವೊಂದು ಅಲ್ಲೇ ಬಾಯಿ ತೆರೆಯಿತು. ವಿವರಣೆ ಬೇಕಿಲ್ಲ.

ಮಾತಿನ ಕೊನೆಗೆ ಬರುವ 'ಅಂತೆ' ಇನ್ನೊಂದು. "ನಿಮ್ಮ ಹುಡುಗ ಬೇಲೂರಲ್ಲಿ ಕಾಣಿಸಿದ್ನಂತೆ." ಹೇಳಿದವರು ಯಾರು? ಗೊತ್ತಿಲ್ಲ. ಯಾರ ಜೊತೆ ಕಾಣಿಸಿದ? ಹೇಳಲಿಲ್ಲ. ಆರೋಪ ತಲುಪಿತು, ಹೊಣೆ ಮಾತ್ರ ಯಾರದ್ದೂ ಅಲ್ಲ. ಹಾಗೇ ಗಂಡ ಹೆಂಡತಿಗೆ "ನಿನ್ನ ಮಗ ಇನ್ನೂ ಎದ್ದಿಲ್ಲ" ಅಂದಾಗ ಮಗ ಯಾರ ಪಾಲಿಗೆ ಹೋದ ಅಂತ ಎಲ್ಲರಿಗೂ ಗೊತ್ತು. 'ನೋಡೋಣ' ಅಂದರೆ ಎಷ್ಟೋ ಮನೆಗಳಲ್ಲಿ 'ಇಲ್ಲ' ಅಂತಲೇ. ಹೆಣ್ಣು ನೋಡಿ ಹೊರಟವರು ಮೆಟ್ಟಿಲಲ್ಲಿ ನಿಂತು "ಊರಿಗೆ ಹೋಗಿ ತಿಳಿಸ್ತೀವಿ" ಅಂದರೆ ಒಳಗೆ ಇರುವ ಹುಡುಗಿಗೆ ಅದರ ದನಿಯಿಂದಲೇ ಉತ್ತರ ಗೊತ್ತಾಗಿರುತ್ತದೆ.

ನಿಮ್ಮ ಅಜ್ಜಿ, ದೊಡ್ಡಮ್ಮ ಯಾರಿಗೆ ಹೇಗೆ 'ಇಲ್ಲ' ಅನ್ನುತ್ತಾರೆ ಅಂತ ಕಿವಿಗೊಟ್ಟು ಕೇಳಿ. ಬರವಣಿಗೆಯ ಯಾವ ಪುಸ್ತಕದಲ್ಲೂ ಇಷ್ಟು ಸಿಗುವುದಿಲ್ಲ.

"ಸಿಟ್ಟಿನಿಂದ ಹೇಳಿದ", "ಮಾತು ಮರೆಸುತ್ತಾ ಹೇಳಿದಳು" ಅಂತ ಬರೆಯಬಹುದಾ?

ಆದಷ್ಟು ಬೇಡ. "'ಊಟಕ್ಕೆ ಇರ್ತೀಯಾ?' ಎಂದು ಅಣ್ಣ ವಿಷಯ ಬದಲಾಯಿಸಲು ಕೇಳಿದ" ಅಂತ ಬರೆದು ನೋಡಿ. ಓದುಗರು ಮಾಡಬೇಕಿದ್ದ ಕೆಲಸವನ್ನು ನೀವೇ ಮಾಡಿ ಮುಗಿಸಿದಿರಿ. 'ಅಂದ', 'ಅಂದಳು' ಸಾಕು.

ಮೌನವನ್ನು ಹೇಗೆ ಬರೆಯುವುದು?

ಸಾಲು ಸಾಲು ಚುಕ್ಕೆ ಇಟ್ಟರೆ ಮೌನ ಬರುವುದಿಲ್ಲ. 'ಅವಳು ಮೌನಕ್ಕೆ ಶರಣಾದಳು' ಅಂದರೂ ಬರುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರದ ಜಾಗದಲ್ಲಿ ಇನ್ನೇನೋ ನಡೆಯಲಿ. ಅವಳು ಒಲೆಯ ಸೌದೆ ಹಿಂದಕ್ಕೆ ಎಳೆಯಲಿ. ಅಥವಾ ಕೇಳಿದವನೇ ತಡೆಯಲಾರದೆ ಇನ್ನೊಂದು ಪ್ರಶ್ನೆ ಕೇಳಲಿ.

ಪಾತ್ರಗಳು ನೇರವಾಗಿ ಮಾತಾಡಲೇಬಾರದಾ?

ಮಾತಾಡಲಿ! ಎಲ್ಲ ಸಾಲಿನಲ್ಲೂ ಒಳಮಾತು ತುರುಕಿದ ಕಥೆ ಉಸಿರು ಕಟ್ಟಿಸುತ್ತದೆ. "ಬಸ್ ಎಷ್ಟು ಗಂಟೆಗೆ?" ಅನ್ನುವುದು ಬಸ್ಸಿನ ವಿಚಾರವೇ ಆಗಿರಬಹುದು. ಮಕ್ಕಳು, ತುಂಬಾ ವಯಸ್ಸಾದವರು, ಕುಡಿದವರು, ಕಳೆದುಕೊಳ್ಳಲು ಏನೂ ಉಳಿದಿಲ್ಲದವರು ನೇರವಾಗಿ ಮಾತಾಡುತ್ತಾರೆ. ಅವರನ್ನು ಸರಿಯಾದ ಹೊತ್ತಿಗೆ ಒಳಗೆ ಕರೆತರುವುದರಲ್ಲಿ ಜಾಣತನ ಇದೆ.

ಮತ್ತೆ ಆ ಕಣಕ್ಕೆ ಹೋಗೋಣ. ಆನೆ, ಬೇಲಿ, ಊಟ ಅಂತ ಎರಡು ಪುಟ ನಡೆದಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತಿಗೆ ಹೊರಗೆ ಬಂದು ಗಂಡನಿಗೆ ಹೇಳುತ್ತಾಳೆ: "ಅವರು ಪಾಲು ಕೇಳೋಕೆ ಬಂದಿದ್ದಾರೆ. ಕೊಟ್ಟು ಕಳ್ಸಿ." ಈ ಎರಡು ವಾಕ್ಯ ಮೊದಲ ಸಾಲಿನಲ್ಲೇ ಬಂದಿದ್ದರೆ ಬರೀ ಮಾಹಿತಿ. ಈಗ ಬಂದರೆ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸುತ್ತಾರೆ. ಒಳಮಾತನ್ನು ಎಲ್ಲಿ ತನಕ ಹಿಡಿದಿಡಬೇಕು, ಯಾರ ಬಾಯಲ್ಲಿ ಒಡೆಯಬೇಕು ಅನ್ನುವುದು ಕಥೆಗಾರರು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ವಿಷಯ ಅಂತ ನಾನು ನಂಬುತ್ತೇನೆ.

ವಾಟ್ಸಾಪ್ ಮಾತುಕತೆ ಬರೆಯುವಾಗ?

ಧಾರಾಳವಾಗಿ ಬರೆಯಿರಿ. ನೀಲಿ ಟಿಕ್ ಬಂದೂ ಉತ್ತರ ಬಾರದಿರುವುದು, ಕಳಿಸಿ ಅಳಿಸಿದ ಮೆಸೇಜು, ಉದ್ದ ಪತ್ರಕ್ಕೆ ಬಂದ ಒಂದು 'ಹ್ಮ್' ಎಲ್ಲವೂ ಮಾತೇ. ಫೋನಿನಲ್ಲಾದರೆ ನಮ್ಮ ಕಡೆಯವರಿಗೆ ಒಂದು ಒಳ್ಳೆಯ ನೆಪ ಇದೆ: "ಘಾಟಿ ಇಳೀತಾ ಇದ್ದೀನಿ, ನೆಟ್‌ವರ್ಕ್ ಹೋಗುತ್ತೆ." ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇರುವವನು ಹೇಳಿದರೆ ಅದು ನಿಜ ಇರಬಹುದು. ಹಾಸನದ ಮನೆಯಲ್ಲಿ ಕೂತು ಹೇಳಿದರೆ ಕಥೆ ಶುರುವಾಯಿತು.

ಅಭ್ಯಾಸ ಮಾಡುವುದು ಹೇಗೆ?

ಮೊದಲು ಎಲ್ಲವನ್ನೂ ನೇರವಾಗಿ ಬರೆಯಿರಿ. ಅಪ್ಪ, ಮಗ ಹಾಸನದ ಹತ್ತಿರ ಜಗಲಿಯಲ್ಲಿ ಕೂತು ಬಿತ್ತನೆ ಆಲೂಗಡ್ಡೆ ಕುಯ್ಯುತ್ತಿದ್ದಾರೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಹೇಳಿಲ್ಲ. ಅಪ್ಪನಿಗೆ ಗೊತ್ತಾಗಿದೆ, ತೋರಿಸಿಕೊಂಡಿಲ್ಲ. 'ನಾನು ಹೋಗ್ತೀನಿ', 'ನೀನು ಹೋದರೆ ನನಗ್ಯಾರು' ಅಂತ ಒಂದು ಪುಟ ಬರೆಯಿರಿ. ಈ ಪುಟ ನಿಮಗೆ ಮಾತ್ರ. ಆಮೇಲೆ ಅದನ್ನು ಮುಚ್ಚಿಟ್ಟು, ಇಬ್ಬರೂ ಆಲೂಗಡ್ಡೆ ಬಗ್ಗೆ ಮಾತ್ರ ಮಾತಾಡುವ ಹಾಗೆ ಮತ್ತೆ ಬರೆಯಿರಿ. ಒಂದೊಂದು ಹೋಳಿನಲ್ಲೂ ಮೊಳಕೆಯ ಕಣ್ಣು ಉಳಿಯಬೇಕು ಅಂತ ಅಪ್ಪ ಹೇಳಲಿ. ಕಳೆದ ಸಲ ಅಂಗಮಾರಿ ಬಂದು ಬೆಳೆ ಹೋದದ್ದನ್ನು ಮಗ ಎತ್ತಲಿ. ಮುಂದಿನ ವರ್ಷಕ್ಕೆ ಎಷ್ಟು ಮೂಟೆ ಬೀಜ ತರಬೇಕು ಅಂತ ಅಪ್ಪ ಕೇಳಲಿ. ಮಗ ಏನು ಹೇಳುತ್ತಾನೆ?

ಬರೆದಾದ ಮೇಲೆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. 'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ಆಯ್ತು ಅನ್ನುತ್ತಾರೆ. 'ಇವರಿಬ್ಬರಿಗೂ ಏನು ಬೇಕು?' ಅಂತ ಕೇಳಿ.

ನಾಟಕಕ್ಕೆ ಬರೆಯುವಾಗ ಏನಾದರೂ ವ್ಯತ್ಯಾಸ ಇದೆಯಾ?

ಇದೆ. ಮಾಸ್ಕೋ ಆರ್ಟ್ ಥಿಯೇಟರಿನ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟರಿಗೆ ಕಲಿಸುವಾಗ ಈ ವಿಷಯಕ್ಕೆ ಬಹಳ ಒತ್ತು ಕೊಟ್ಟರು. ಪಾತ್ರದ ಮಾತು ನಾಟಕಕಾರ ಬರೆದದ್ದು, ಅದರ ಕೆಳಗಿನದ್ದನ್ನು ನಟ ತರಬೇಕು. ಅವರು ಆಡಿಸಿದ, ರಷ್ಯಾದ ನಾಟಕಕಾರ ಚೆಕಾಫ್‌ನ 'ಚೆರ್ರಿ ಆರ್ಚರ್ಡ್' 1904ರದ್ದು. ಅದರ ಕೊನೆಯ ಅಂಕದಲ್ಲಿ ಲೋಪಾಹಿನ್ ವಾರ್ಯಾಳನ್ನು ಮದುವೆಗೆ ಕೇಳಬೇಕು. ಕೋಣೆಯಲ್ಲಿ ಇಬ್ಬರೇ. ಅವಳು ಗಂಟುಮೂಟೆಯಲ್ಲಿ ಏನೋ ಹುಡುಕುತ್ತಾಳೆ. ಅವನು ಚಳಿಯ ಮಾತಾಡುತ್ತಾನೆ. ನಮ್ಮ ಥರ್ಮಾಮೀಟರ್ ಒಡೆದಿದೆ ಅನ್ನುತ್ತಾಳೆ ಅವಳು. ಹೊರಗಿನಿಂದ ಯಾರೋ ಕರೆಯುತ್ತಾರೆ, ಅವನು ಹೊರಟುಹೋಗುತ್ತಾನೆ.

ರಂಗದ ಮೇಲೆ ಇದಕ್ಕೆ ಇಬ್ಬರು ನಟರ ಮುಖ, ದನಿ, ನಡುವಿನ ನಿಲುಗಡೆ ಎಲ್ಲ ಸಿಗುತ್ತದೆ. ಕಥೆಯಲ್ಲಿ ನಟರಿಲ್ಲ. ಅವಳ ಕೈ ಯಾವ ಮೂಟೆಯಲ್ಲಿತ್ತು, ಅವನು ಬಾಗಿಲಿನಿಂದ ಎಷ್ಟು ದೂರ ನಿಂತಿದ್ದ ಅನ್ನುವುದನ್ನೆಲ್ಲ ನೀವೇ ಬರೆಯಬೇಕು. ನಾಟಕ ಬರೆಯುವಾಗ ಅಂಥ ವಿವರಗಳನ್ನು ನಟರಿಗೆ ಬಿಡಿ. ಮಾತು ಬರೆದ ಮೇಲೆ ಇಬ್ಬರು ಗೆಳೆಯರ ಕೈಗೆ ಹಾಳೆ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ಅವರು ತಾವಾಗಿಯೇ ನಿಲ್ಲುತ್ತಾರೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ.